ಗೋದಾಮಿನ ಒಳಗಿರಬೇಕಾದವನು ಗೇಟಿನಲ್ಲಿ

ನಮ್ಮ ದೊಡ್ಡಪ್ಪನ ಮಗ ಮಿಲಿಟ್ರಿಯಿಂದ ಪೆನ್ಷನ್ ಬಂದು ಮೂರು ತಿಂಗಳಾಗಿತ್ತು. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವನು ನಾನೊಬ್ಬನೇ ಎಂದು ಒಂದು ಭಾನುವಾರ ನನ್ನ ಹತ್ತಿರ ಬಂದ. "ಒಂದು ಬಯೋಡೇಟಾ ಮಾಡ್ಕೊಡೋ" ಎಂದ. ಕೈಯಲ್ಲಿ ಡಿಸ್ಚಾರ್ಜ್ ಬುಕ್ಕು, ಪಿಪಿಒ ಎಂಬ ಪೆನ್ಷನ್ ಆದೇಶದ ಕಾಗದ, ಪ್ಲಾಸ್ಟಿಕ್ ಕವರಿನಲ್ಲಿ ಹತ್ತು ಹನ್ನೆರಡು ಸರ್ಟಿಫಿಕೇಟು. ಏನೇನು ಹಾಕಬೇಕು ಎಂದು ಅವನೇ ಒಂದು ಹಾಳೆಯಲ್ಲಿ ಬರೆದು ತಂದಿದ್ದ. ಮೊದಲ ಸಾಲು ಆರ್ಮಿ ನಂಬರ್. ಎರಡನೆಯದು ರ‍್ಯಾಂಕ್, ಹವಾಲ್ದಾರ್. ಮೂರನೆಯದು ಟ್ರೇಡ್, ಎಸ್‌ಕೆಟಿ. ನಾಲ್ಕು, ಮೆಡಿಕಲ್ ಕೆಟಗರಿ: ಶೇಪ್ ಒನ್, ಅಂದರೆ ಪೂರ್ತಿ ಆರೋಗ್ಯವಂತ. ಐದು, ಕ್ಯಾರೆಕ್ಟರ್: ಎಕ್ಸೆಂಪ್ಲರಿ. ಅಷ್ಟೇ. 24 ವರ್ಷದ ಕೆಲಸ ಐದು ಸಾಲಿನಲ್ಲಿ ಮುಗಿದಿತ್ತು.

"ಅಣ್ಣ, ಎಸ್‌ಕೆಟಿ ಅಂದ್ರೆ ಏನು?"

"ಸ್ಟೋರ್ ಕೀಪರ್ ಟೆಕ್ನಿಕಲ್ ಕಣೋ."

"ಅಂದ್ರೆ ಏನ್ ಮಾಡ್ತಿದ್ದೆ?"

"ಸ್ಟೋರ್ ನೋಡ್ಕೊಳ್ತಿದ್ದೆ."

ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದೇ ಹೊರಗೆ ಬಂತು. ಲಡಾಖ್‌ನಲ್ಲಿದ್ದಾಗ ಚಳಿಗಾಲಕ್ಕೆ ಜೋಜಿಲಾ ದಾರಿ ಹಿಮ ಬಿದ್ದು ಮುಚ್ಚುತ್ತಿತ್ತು. ಅದಕ್ಕೆ ಮೊದಲೇ ಸೀಮೆಎಣ್ಣೆ, ಬುಖಾರಿ ಒಲೆ, ಹಿಮದ ಬೂಟು, ಸ್ಲೀಪಿಂಗ್ ಬ್ಯಾಗು, ಟೆಂಟು, ಬ್ಯಾಟರಿ ಎಲ್ಲವನ್ನೂ ತರಿಸಿ, ಮೇಲಿನ ಪೋಸ್ಟುಗಳಿಗೆ ಹಂಚಿ ಮುಗಿಸಬೇಕು. ಏಳೆಂಟು ನೂರು ಜನರ ಲೆಕ್ಕ. ಒಂದು ಪೋಸ್ಟಿಗೆ ಎರಡು ಜೊತೆ ಬೂಟು ಕಡಿಮೆ ಹೋದರೆ ಆಮೇಲೆ ಕಳಿಸಲು ದಾರಿಯೇ ಇರುವುದಿಲ್ಲ. ಸ್ಟಾಕ್ ತಪಾಸಣೆಗೆ ಬೋರ್ಡ್ ಕೂತಾಗ ಲೆಡ್ಜರಿಗೂ ಗೋದಾಮಿಗೂ ಒಂದು ಟಾರ್ಚಿನ ವ್ಯತ್ಯಾಸ ಬರಬಾರದು. ಕಡಿಮೆ ಇದ್ದರಂತೂ ತಪ್ಪು, ಜಾಸ್ತಿ ಇದ್ದರೂ ತಪ್ಪೇ. ಜಾಸ್ತಿ ಇದೆ ಅಂದರೆ ಯಾರಿಗೋ ಕೊಟ್ಟಿಲ್ಲ ಅಂತ ಅರ್ಥ.

"ಇದನ್ನೆಲ್ಲ ಬರೀಬೇಕು ಅಣ್ಣ" ಎಂದೆ.

"ಅದನ್ನೇನ್ ಬರೆಯೋದು? ಅದು ಡ್ಯೂಟಿ ಅಲ್ವಾ?"

ಕೊನೆಗೆ ಅವನಿಗೆ ಕೆಲಸ ಸಿಕ್ಕಿದ್ದು ನೆಲಮಂಗಲದ ಆಚೆ ಒಂದು ದೊಡ್ಡ ಗೋದಾಮಿನಲ್ಲಿ. ಒಳಗಲ್ಲ, ಗೇಟಿನಲ್ಲಿ. ಸೆಕ್ಯುರಿಟಿ ಸೂಪರ್‌ವೈಸರ್, 12 ಗಂಟೆ ಪಾಳಿ, ತಿಂಗಳಿಗೆ 19 ಸಾವಿರ. ಒಳಗೆ ಸ್ಟಾಕ್ ನೋಡಿಕೊಳ್ಳುವುದು ಅವನ ಅರ್ಧ ವಯಸ್ಸಿನ ಹುಡುಗರು. ಲಾರಿಯ ಲೆಕ್ಕ ತಾಳೆಯಾಗದಿದ್ದಾಗ ಅವರು ಗೇಟಿಗೆ ಬಂದು ಇವನ ರಿಜಿಸ್ಟರ್ ಕೇಳುತ್ತಾರಂತೆ. ಅವನಿಗೆ ಅದರಲ್ಲಿ ಬೇಜಾರೇನೂ ಇಲ್ಲ. ಬೇಜಾರು ನನಗೆ.

ಈ ಗೇಟಿನ ಕಥೆ ಅವನೊಬ್ಬನದಲ್ಲ. ನಮ್ಮ ಸೇನಾಪಡೆಗಳಿಂದ ಪ್ರತಿವರ್ಷ ಸುಮಾರು 60 ಸಾವಿರ ಜನ ನಿವೃತ್ತರಾಗುತ್ತಾರೆ. ನಿವೃತ್ತಿ ಎಂಬ ಮಾತೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ನಮ್ಮ ಕಣ್ಣಿಗೆ ಬರುವುದು ಅರವತ್ತು ದಾಟಿದ ಮೇಷ್ಟ್ರು. ಸೇನೆಯಲ್ಲಿ ಹಾಗಲ್ಲ. ಪಡೆ ಯಾವಾಗಲೂ ಎಳೆಯದಾಗಿರಬೇಕು ಎಂಬ ಲೆಕ್ಕದಲ್ಲಿ ಸಿಪಾಯಿಯನ್ನು ಹೆಚ್ಚುಕಡಿಮೆ 17 ವರ್ಷಕ್ಕೆ, ಹವಾಲ್ದಾರನನ್ನು 24 ವರ್ಷಕ್ಕೆ ಮನೆಗೆ ಕಳಿಸುತ್ತಾರೆ. ಹದಿನೆಂಟಕ್ಕೆ ಸೇರಿದವನು ಮೂವತ್ತೈದಕ್ಕೋ ನಲವತ್ತೆರಡಕ್ಕೋ ಊರಲ್ಲಿರುತ್ತಾನೆ. ಮಗಳು ಏಳನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಖರ್ಚು ಶುರುವಾಗುವ ವಯಸ್ಸಿಗೆ ಸಂಬಳ ನಿಲ್ಲುತ್ತದೆ.

ಮಿಲಿಟ್ರಿ ಎಂಬ ಹೆಸರಿಗೆ ನಮ್ಮಲ್ಲಿ ಎಷ್ಟು ಮರ್ಯಾದೆ ಎಂದರೆ ಮಾಂಸದೂಟದ ಹೋಟೆಲಿಗೂ ಅದೇ ಹೆಸರು. ಆಗಸ್ಟ್ 15ಕ್ಕೆ ಶಾಲೆಯವರು ಕರೆದು ಶಾಲು ಹೊದಿಸುತ್ತಾರೆ. ಆದರೆ ಕೆಲಸಕ್ಕೆ ಕರೆಯುವ ಹೊತ್ತಿಗೆ ಎಲ್ಲರ ತಲೆಗೂ ಒಂದೇ ಕೆಲಸ ಹೊಳೆಯುತ್ತದೆ. ನಿಂತು ಕಾಯುವುದು. ಬೆಂಗಳೂರಿನಲ್ಲಿ 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ಬಾಗಿಲಲ್ಲಿ ಮಾರ್ಷಲ್‌ಗಳಾಗಿ ನಿಂತವರು ಮಾಜಿ ಸೈನಿಕರು. ಆಮೇಲೆ ಕಸ ಎಸೆಯುವವರಿಗೆ, ಕೊರೊನಾ ಕಾಲದಲ್ಲಿ ಮಾಸ್ಕ್ ಹಾಕದವರಿಗೆ ದಂಡ ಹಾಕಲು ಪಾಲಿಕೆ ರಸ್ತೆಗಿಳಿಸಿದ ಮಾರ್ಷಲ್‌ಗಳಲ್ಲೂ ಅವರೇ ಜಾಸ್ತಿ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆ ಕೂಡ ಕಾವಲುಗಾರರನ್ನು ತೆಗೆದುಕೊಳ್ಳುವಾಗ ಮಾಜಿ ಸೈನಿಕರಿಗೆ ಆದ್ಯತೆ ಕೊಡಬಹುದು ಎನ್ನುತ್ತದೆ. ಸೇನೆಯೇ ನಡೆಸುವ ಡಿಎಸ್‌ಸಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಎಂಬ ದಳವಿದೆ, ಅದರ ಕೇಂದ್ರ ಇರುವುದು ಕೇರಳದ ಕಣ್ಣೂರಿನಲ್ಲಿ. ಪೆನ್ಷನ್ ಬಂದವರು ಮತ್ತೆ ಸಮವಸ್ತ್ರ ಹಾಕಿ ಅದಕ್ಕೆ ಸೇರುತ್ತಾರೆ. ಅಲ್ಲೂ ರಕ್ಷಣಾ ಇಲಾಖೆಯ ಗೇಟು, ಗೋಡೆ, ಗೋದಾಮು ಕಾಯುವ ಕೆಲಸವೇ.

ಕಾವಲು ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಆದರೆ ಸೇನೆಯಲ್ಲಿ ಇರುವವರೆಲ್ಲ ಬಂದೂಕು ಹಿಡಿದು ನಿಂತವರಲ್ಲ. ಅಲ್ಲಿ ವೆಲ್ಡರ್ ಇದ್ದಾನೆ, ಎಕ್ಸ್‌ರೇ ತೆಗೆಯುವವನಿದ್ದಾನೆ, ಮೂರು ಟನ್ ಲಾರಿಯ ಎಂಜಿನ್ ಬಿಚ್ಚಿ ಕಟ್ಟುವವನಿದ್ದಾನೆ, ರೇಡಿಯೋ ರಿಪೇರಿಯವನಿದ್ದಾನೆ, ಸಾವಿರ ಜನಕ್ಕೆ ಹೊತ್ತುಹೊತ್ತಿಗೆ ಅಡುಗೆ ಮಾಡಿಸುವವನಿದ್ದಾನೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ತರಬೇತಾದ ಸ್ಯಾಪರ್ ಸೇತುವೆ ಕಟ್ಟಬಲ್ಲ. ಗುಂಡು ಹಾರಿಸುವ ಜಿಡಿ (ಜನರಲ್ ಡ್ಯೂಟಿ) ಸಿಪಾಯಿಯೂ ಹವಾಲ್ದಾರ್ ಆಗುವ ಹೊತ್ತಿಗೆ ಹತ್ತಾರು ಹುಡುಗರ ರಜೆ, ಜಗಳ, ಸಾಲ, ಜ್ವರ ಎಲ್ಲವನ್ನೂ ಸಂಭಾಳಿಸಿರುತ್ತಾನೆ. ನಮ್ಮ ಐಟಿ ಕಂಪನಿಗಳು ಅದಕ್ಕೊಂದು ದೊಡ್ಡ ಹೆಸರಿಟ್ಟು ದೊಡ್ಡ ಸಂಬಳ ಕೊಡುತ್ತವೆ.

ಹಾಗಾದರೆ ತೊಡಕು ಎಲ್ಲಿದೆ? ಮೀಸಲಾತಿ ಇಲ್ಲ ಅಂತಲ್ಲ. ಇದೆ, ಬೇಕಾದಷ್ಟು ಇದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10, ಹಿಂದೆ ಗ್ರೂಪ್ ಡಿ ಎನ್ನುತ್ತಿದ್ದ ಹುದ್ದೆಗಳಲ್ಲಿ ಶೇ 20. ಸರ್ಕಾರಿ ಬ್ಯಾಂಕು ಮತ್ತು ಉದ್ದಿಮೆಗಳಲ್ಲಿ ಇನ್ನೂ ಜಾಸ್ತಿ, ಗ್ರೂಪ್ ಸಿಗೆ ಶೇ 14.5, ಗ್ರೂಪ್ ಡಿಗೆ ಶೇ 24.5. ನಮ್ಮ ರಾಜ್ಯದ ನೇಮಕಾತಿಯಲ್ಲೂ ಶೇ 10 ಇದೆ. ವಯಸ್ಸಿನ ಲೆಕ್ಕದಲ್ಲಿ ಸೇನೆಯಲ್ಲಿದ್ದಷ್ಟು ವರ್ಷ ಕಳೆದು, ಮೇಲೆ ಮೂರು ವರ್ಷ ಬಿಡುತ್ತಾರೆ.

ಈಗ ತುಂಬಿದ್ದೆಷ್ಟು ನೋಡಿ. 2021ರ ಜೂನ್ ಅಂತ್ಯದ ಲೆಕ್ಕದ ಪ್ರಕಾರ ಕೇಂದ್ರದ ಇಲಾಖೆಗಳಲ್ಲಿ ಗ್ರೂಪ್ ಸಿಯಲ್ಲಿದ್ದ ಮಾಜಿ ಸೈನಿಕರು ಶೇ 1.29, ಗ್ರೂಪ್ ಡಿಯಲ್ಲಿ ಶೇ 2.66. ನೂರು ಕುರ್ಚಿಯಲ್ಲಿ ಹತ್ತು ಇವರಿಗೆ ಎಂದು ಬರೆದಿಟ್ಟಿದ್ದಾರೆ, ಕೂತಿರುವವನು ಒಬ್ಬ, ಒಬ್ಬೂಕಾಲು. ಬ್ಯಾಂಕುಗಳಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಅಲ್ಲಿ ಗ್ರೂಪ್ ಸಿಯಲ್ಲಿ ಶೇ 9.10, ಗ್ರೂಪ್ ಡಿಯಲ್ಲಿ ಶೇ 21.34, ಅಂದರೆ ಕೋಟಾ ಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ, ಡಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ತುಂಬಿದಂತೆಯೇ. ಅದು ಹೇಗೆ? ಬ್ಯಾಂಕಿಗೆ ಹೋದಾಗ ಬಾಗಿಲ ಪಕ್ಕ ಜೋಡು ನಳಿಗೆಯ ಕೋವಿ ಹಿಡಿದು ಸ್ಟೂಲಿನ ಮೇಲೆ ಕೂತವರನ್ನು ನೋಡಿರುತ್ತೀರಿ. ಬ್ಯಾಂಕುಗಳು ಕೋವಿ ಹಿಡಿಯುವ ಕಾವಲುಗಾರರನ್ನು ತೆಗೆದುಕೊಳ್ಳುವುದು ಮಾಜಿ ಸೈನಿಕರಿಂದಲೇ. ಬ್ಯಾಂಕಿನ ಬಾಗಿಲಲ್ಲಿ ಕೋವಿ ಇದೆ, ಅಲ್ಲಿ ಕೋಟಾ ತುಂಬುತ್ತದೆ. ಎಲ್ಲಿ ಪೆನ್ನು, ಕೀಬೋರ್ಡ್ ಇದೆಯೋ ಅಲ್ಲಿ ಬಹುತೇಕ ಖಾಲಿ.

ಖಾಲಿ ಉಳಿಯಲು ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಪದವಿಯ ವಿಷಯವನ್ನೇ ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದ ಸೈನಿಕನನ್ನು, ಪದವಿ ಮಾತ್ರ ಕೇಳುವ ಗ್ರೂಪ್ ಸಿ ಹುದ್ದೆಗೆ ಅರ್ಹ ಎಂದು ಎಣಿಸುವ ನಿಯಮ 1980ರ ದಶಕದಿಂದಲೂ ಕೇಂದ್ರದಲ್ಲಿದೆ. ಅದಕ್ಕೆ ಸೇನೆ ಒಂದು ಸರ್ಟಿಫಿಕೇಟ್ ಕೊಡುತ್ತದೆ. ಜವಾನರು ಅದನ್ನು "ಗ್ರಾಜುಯೇಷನ್ ಸರ್ಟಿಫಿಕೇಟ್" ಎಂದೇ ಕರೆಯುತ್ತಾರೆ, ಮನೆಯಲ್ಲಿ ಫ್ರೇಮ್ ಹಾಕಿಸಿದವರೂ ಇದ್ದಾರೆ. ಆದರೆ ಅದು ವಿಶ್ವವಿದ್ಯಾಲಯದ ಡಿಗ್ರಿ ಅಲ್ಲ. ತಾಂತ್ರಿಕ ಅರ್ಹತೆ ಕೇಳುವ ಹುದ್ದೆಗೆ ನಡೆಯುವುದಿಲ್ಲ, ಎಂ.ಎ.ಗೆ ಸೇರಲು ಹೋದರೆ ಅಂಕಪಟ್ಟಿ ಎಲ್ಲಿ ಎನ್ನುತ್ತಾರೆ, ಖಾಸಗಿ ಕಂಪನಿಯ ಆನ್‌ಲೈನ್ ಫಾರಂನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಅಣ್ಣನ ಅರ್ಜಿ ತುಂಬಲು ಸೈಬರ್‌ನಲ್ಲಿ ಕೂತಿದ್ದೆವು. ಯಾವ ವಿಶ್ವವಿದ್ಯಾಲಯ ಎಂಬ ಕಾಲಂ ಬಂತು. ಕೆಳಗೆ ಉದ್ದಕ್ಕೆ ಪಟ್ಟಿ, ಮೈಸೂರು, ಮಂಗಳೂರು, ಕುವೆಂಪು, ಧಾರವಾಡ. ಸೈಬರ್ ಹುಡುಗ ತಲೆ ಎತ್ತಿ, "ಸರ್, ಇಂಡಿಯನ್ ಆರ್ಮಿ ಅಂತ ಬರ್ತಿಲ್ಲ. ಏನ್ ಹಾಕ್ಲಿ?" ಎಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಇನ್ನೊಂದು ವಿಷಯ ಹೊರಗಿನವರಿಗೆ ಥಟ್ಟನೆ ಹೊಳೆಯುವುದಿಲ್ಲ. ಕನ್ನಡ. ರಾಜ್ಯ ಸರ್ಕಾರದ ಕೆಲಸಕ್ಕೆ ಕನ್ನಡ ಪರೀಕ್ಷೆ ಪಾಸಾಗಬೇಕು, ಬ್ಯಾಂಕ್ ಗುಮಾಸ್ತನಾಗಲು ಸ್ಥಳೀಯ ಭಾಷೆ ಓದಿ ಬರೆಯಲು ಬರಬೇಕು. ಅದು ನ್ಯಾಯವೇ. ನಮ್ಮ ಹುಡುಗನಿಗೆ ಅದು ಅನುಕೂಲವೂ ಆಗಬೇಕು. ಆದರೆ ಪಿಯುಸಿ ಮುಗಿಸಿ ಹೋದವನು ಇಪ್ಪತ್ತು ವರ್ಷ ಆಡಿದ್ದು ಹಿಂದಿ, ಬರೆದದ್ದು ರೋಮನ್ ಅಕ್ಷರದ ಹಿಂದಿ. ಮಾತಾಡುವ ಕನ್ನಡ ಗಟ್ಟಿ ಇರುತ್ತದೆ, ಬರೆಯಲು ಕೂತರೆ ಒತ್ತಕ್ಷರ ತಡವರಿಸುತ್ತದೆ. ಅಣ್ಣ "ಇಲಾಖೆ" ಎಂದು ಬರೆಯಲು ಖ ಹೇಗೆ ಎಂದು ಕೇಳಿದಾಗ ನನಗೆ ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅವನ ಮಗಳ ಕಥೆ ಇನ್ನೂ ಬೇರೆ. ಜಬಲ್‌ಪುರ, ಜೋಧ್‌ಪುರ ಎಂದೆಲ್ಲ ಮೂರು ಊರಿನ ಶಾಲೆಯಲ್ಲಿ ಓದಿದ ಅವಳಿಗೆ ಬಸ್ಸಿನ ಬೋರ್ಡ್ ಓದಲು ಬಂದದ್ದೇ ಊರಿಗೆ ಬಂದ ಮೇಲೆ.

ಪರೀಕ್ಷೆಗೆ ತಯಾರಾಗಲು ಸಮಯ ಯಾವಾಗ? ನಿಯಮದ ಪ್ರಕಾರ ಸೇವೆ ಮುಗಿಯಲು ಒಂದು ವರ್ಷ ಇರುವಾಗ ಸಿವಿಲ್ ಹುದ್ದೆಗಳಿಗೆ ಅರ್ಜಿ ಹಾಕಬಹುದು. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಎಲ್ಲರೂ ಡಿಜಿಆರ್ ಎನ್ನುತ್ತಾರೆ, ನಿವೃತ್ತಿಗೆ ಮೊದಲು ತರಬೇತಿ ಕೋರ್ಸುಗಳನ್ನು ನಡೆಸುತ್ತದೆ. ಜವಾನರಿಗೆ ಅದರ ಖರ್ಚು ಸರ್ಕಾರದ್ದೇ. ಆದರೆ ಆ ಒಂದು ವರ್ಷ ಅವನು ಎಲ್ಲಿರುತ್ತಾನೆ? ಗಡಿಯಲ್ಲಿದ್ದರೆ ರಜೆ ಸಿಗುವುದೇ ಕಷ್ಟ, ರಜೆ ಸಿಕ್ಕರೆ ಮನೆ ಕಟ್ಟಿಸುವುದೋ ತಂಗಿಯ ಮದುವೆಯೋ ಇರುತ್ತದೆ. 24 ವರ್ಷದ ಅಭ್ಯಾಸ ಬಿಡಿಸಿ ಹೊಸದು ಕಲಿಸಲು ಕೆಲವು ತಿಂಗಳ ಕೋರ್ಸು ಸಾಕೇ ಎಂಬುದು ಬೇರೆ ಮಾತು. ನನ್ನ ಪ್ರಕಾರ ಕೋಟಾದ ಶೇಕಡಾವಾರು ಏರಿಸುವುದಕ್ಕಿಂತ ಈ ಒಂದು ವರ್ಷವನ್ನು ಮೂರು ವರ್ಷ ಮಾಡಿದರೆ ಜಾಸ್ತಿ ಪ್ರಯೋಜನ.

ಆಫೀಸರ್‌ಗಳ ದಾರಿ ಬೇರೆ. ಅವರಿಗೆ ಇಂಗ್ಲಿಷ್ ಇದೆ, ಪರಿಚಯಗಳಿವೆ, ಐಐಎಂಗಳಲ್ಲಿ ಆರು ತಿಂಗಳ ಕೋರ್ಸಿದೆ. ಕಂಪನಿಗಳು ಆಡಳಿತ, ಸರಕು ಸಾಗಣೆ, ಭದ್ರತೆ ನೋಡಿಕೊಳ್ಳಲು ಕರೆದುಕೊಳ್ಳುತ್ತವೆ. ಹತ್ತರಿಂದ ಹದಿನಾಲ್ಕು ವರ್ಷಕ್ಕೆ ಪೆನ್ಷನ್ ಇಲ್ಲದೆ ಹೊರಬರುವ ಶಾರ್ಟ್ ಸರ್ವಿಸ್ ಆಫೀಸರ್‌ಗಳಿಗೆ ಕಷ್ಟವಿಲ್ಲ ಎಂದಲ್ಲ. ಆದರೂ ಅವರ ಬಯೋಡೇಟಾ ಓದುವವರಿಗೆ ಅರ್ಥವಾಗುತ್ತದೆ. ನಮ್ಮವರೇ ಆದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಇದ್ದಾರಲ್ಲ. 1971ರ ಯುದ್ಧ ನೋಡಿದವರು, ಎಂಟು ವರ್ಷಕ್ಕೆ ಸೇನೆ ಬಿಟ್ಟು ಹಾಸನ ಜಿಲ್ಲೆಯಲ್ಲಿ ರೇಷ್ಮೆ ಬೆಳೆದರು, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಮಿಲಿಟ್ರಿ ಬಿಟ್ಟವರ ಸಭೆಗಳಲ್ಲಿ ಅವರ ಹೆಸರು ಹೇಳದ ಭಾಷಣಕಾರರಿಲ್ಲ. ಹೇಳಲಿ. ಆದರೆ ಇಪ್ಪತ್ತೆಂಟರ ಕ್ಯಾಪ್ಟನ್‌ನ ಕಥೆಯಿಂದ ನಲವತ್ತೆರಡರ ಹವಾಲ್ದಾರನಿಗೆ ದಾರಿ ಸಿಗುವುದಿಲ್ಲ.

ಈ ಚಿಂತೆ ಹೊಸದೂ ಅಲ್ಲ. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ದಂಡನಾಯಕರಾದರು ಎಂಬುದು ಎಲ್ಲರಿಗೂ ಗೊತ್ತು. ನಿವೃತ್ತರಾದ ಮೇಲೆ 1964ರಲ್ಲಿ ಅವರು ಮಾಜಿ ಸೈನಿಕರ ಸಂಘವನ್ನು ಕಟ್ಟಿದ್ದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಜವಾನ ಮನೆಗೆ ಹೋದ ಮೇಲೆ ಏನಾಗುತ್ತಾನೆ ಎಂದು ಅವರು ಆಗಲೇ ತಲೆ ಕೆಡಿಸಿಕೊಂಡಿದ್ದರು. ಬೆಂಗಳೂರಿನಲ್ಲಿ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇರುವ ಕಟ್ಟಡಕ್ಕೆ ಅವರದೇ ಹೆಸರು.

ಆರು ದಶಕ ಕಳೆದರೂ ಇದು ದೊಡ್ಡ ಗಲಾಟೆಯಾಗಲಿಲ್ಲ. ಯಾಕೆ? ಈ ಪ್ರಶ್ನೆಯೇ ನನಗೆ ಮುಖ್ಯ. ಉತ್ತರ ಒಂದೇ ಪದ, ಪೆನ್ಷನ್.

ಸೆಕ್ಯುರಿಟಿ ಏಜೆನ್ಸಿಯವರು ಅಣ್ಣನ ಹತ್ತಿರ ಸಂಬಳ ಮಾತಾಡುವಾಗ ನಾನೂ ಪಕ್ಕದಲ್ಲಿದ್ದೆ. 25 ಸಾವಿರ ಕೇಳಿದ. ಆ ಮನುಷ್ಯ ನಗುತ್ತಾ, "ಹವಾಲ್ದಾರ್ರೇ, ನಿಮ್ಗೆ ಹೆಂಗಿದ್ರೂ ಪೆನ್ಷನ್ ಬರುತ್ತಲ್ಲಾ" ಎಂದ. ಅಣ್ಣ ಸುಮ್ನಾದ. ಆ ಮಾತಿನಲ್ಲಿ ಇಡೀ ವ್ಯಾಪಾರ ಇದೆ. ಸರ್ಕಾರ ಕೊಡುವ ಪೆನ್ಷನ್ನು ಸೈನಿಕನಿಗೆ ಸಲ್ಲುವುದರ ಜೊತೆಗೆ, ಅವನನ್ನು ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುವವರಿಗೂ ಸಲ್ಲುತ್ತಿದೆ. ಗೋದಾಮಿನ ಮಾಲೀಕನಿಗೆ 24 ವರ್ಷ ಅನುಭವದ ಮನುಷ್ಯ ಅಗ್ಗಕ್ಕೆ ಸಿಗುತ್ತಾನೆ, ಉಳಿದದ್ದನ್ನು ಖಜಾನೆ ತುಂಬುತ್ತದೆ. ಸೈನಿಕನ ಮನೆ ಹೇಗೋ ನಡೆಯುತ್ತದೆ. ಹಾಗೆ ಹೇಗೋ ನಡೆಯುವುದರಿಂದಲೇ ಯಾರೂ ಕೂಗಲಿಲ್ಲ. ಒಂದು ರ‍್ಯಾಂಕ್ ಒಂದು ಪೆನ್ಷನ್‌ಗಾಗಿ 2015ರಲ್ಲಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ತಿಂಗಳುಗಟ್ಟಲೆ ಕೂತರು. ಕೆಲಸದ ಕೋಟಾ ತುಂಬಿ ಎಂದು ಹಾಗೆ ಕೂತ ನೆನಪು ನನಗಿಲ್ಲ.

ಬರುವಾಗ ಒಟ್ಟಿಗೆ ಬರುವ ದುಡ್ಡು ಕೂಡ ಹೀಗೇ ಕಣ್ಣು ಕಟ್ಟುತ್ತದೆ. ಗ್ರಾಚ್ಯುಟಿ, ಪ್ರಾವಿಡೆಂಟ್ ಫಂಡ್, ಗ್ರೂಪ್ ಇನ್ಶೂರೆನ್ಸ್, ಉಳಿದ ರಜೆಯ ದುಡ್ಡು. ಜೊತೆಗೆ ಪೆನ್ಷನ್ನಿನ ಅರ್ಧದವರೆಗೆ ಮುಂಗಡವಾಗಿ ಮಾರಿಕೊಳ್ಳಬಹುದು, ಅದು ಮತ್ತೆ ಪೂರ್ತಿ ಕೈಗೆ ಬರುವುದು 15 ವರ್ಷದ ಮೇಲೆ. ಅಷ್ಟು ದುಡ್ಡು ಜೀವಮಾನದಲ್ಲಿ ಒಂದೇ ಸಲ ಕಾಣುವುದು. ಅದು ಬಂದ ವಾರದಲ್ಲಿ ಸೈಟ್ ತೋರಿಸುವವರು, ಚೀಟಿ ನಡೆಸುವವರು, ದೂರದ ಸಂಬಂಧಿಗಳು ಎಲ್ಲ ಬರುತ್ತಾರೆ. ಅಣ್ಣನದು ಆರ್‌ಸಿಸಿ ಮನೆಗೆ ಹೋಯಿತು. ಚೆಂದದ ಮನೆ, ಮುಂದೆ ಗ್ರಾನೈಟ್ ಜಗಲಿ. ಕೂರಲು ಅವನಿಗೆ ಹೊತ್ತಿಲ್ಲ, ನೆಲಮಂಗಲದಲ್ಲಿ ಬಾಡಿಗೆ ರೂಮಿನಲ್ಲಿದ್ದಾನೆ.

ಈಗ ಈ ಪೆನ್ಷನ್ ಎಂಬ ಮೆತ್ತೆಯನ್ನು ಎಳೆದುಬಿಡಿ, ಏನಾಗುತ್ತದೆ? ಅದನ್ನು ನೋಡುವ ಕಾಲ ಬಂದಿದೆ.

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಬಂತು. ಹದಿನೇಳೂವರೆ ವಯಸ್ಸು ದಾಟಿದವರು ನಾಲ್ಕು ವರ್ಷಕ್ಕೆ ಸೇರುತ್ತಾರೆ, ಇವರಿಗೆ ಅಗ್ನಿವೀರರು ಎಂದು ಹೆಸರು. ಕೊನೆಗೆ ನಾಲ್ವರಲ್ಲಿ ಒಬ್ಬರವರೆಗೆ ಕಾಯಂ ಆಗಬಹುದು, ಮೂವರು ಮನೆಗೆ. ಮೊದಲ ವರ್ಷ ತಿಂಗಳಿಗೆ 30 ಸಾವಿರ, ನಾಲ್ಕನೇ ವರ್ಷ 40 ಸಾವಿರ. ಅದರಲ್ಲಿ ಶೇ 30 ಸೇವಾ ನಿಧಿಗೆ ಕಡಿತ, ಸರ್ಕಾರವೂ ಅಷ್ಟೇ ಹಾಕುತ್ತದೆ. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಇಸಿಎಚ್‌ಎಸ್ ಆಸ್ಪತ್ರೆ ಕಾರ್ಡ್ ಇಲ್ಲ, ಮಿಲಿಟ್ರಿ ಕ್ಯಾಂಟೀನ್ ಇಲ್ಲ. ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಅಂದರೆ ಮೇಲೆ ಹೇಳಿದ ಆ ಶೇ 10, ಶೇ 14.5 ಯಾವುದೂ ತಾನಾಗಿ ಇವರಿಗೆ ಅನ್ವಯಿಸುವುದಿಲ್ಲ. ಇವರಿಗೆಂದೇ ಬೇರೆ ಬಾಗಿಲು ತೆರೆಯಬೇಕು. ಮೊದಲ ತಂಡ ತರಬೇತಿಗೆ ಸೇರಿದ್ದು 2022ರ ಕೊನೆಗೆ ಮತ್ತು 2023ರ ಆರಂಭಕ್ಕೆ. ಅವರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ, 2027ರ ಆರಂಭ.

ಬಾಗಿಲು ತೆರೆಯುತ್ತಿದ್ದಾರೆ, ಸುಳ್ಳು ಹೇಳಬಾರದು. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳಲ್ಲಿ ಇವರಿಗೆ ಶೇ 10 ಎಂದು 2022ರಲ್ಲೇ ಹೇಳಿದ್ದರು. 2025ರ ಡಿಸೆಂಬರ್‌ನಲ್ಲಿ ಬಿಎಸ್‌ಎಫ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಅದನ್ನು ಶೇ 50ಕ್ಕೆ ಏರಿಸಿದರು. ಉತ್ತರ ಪ್ರದೇಶ ಪೊಲೀಸ್ ಕೆಲಸದಲ್ಲಿ ಶೇ 20 ಇಟ್ಟಿತು. ಇದೇ ಕೇಂದ್ರ ಪಡೆಗಳಲ್ಲಿ ಮಾಜಿ ಸೈನಿಕರಿಗೂ ಶೇ 10 ಇತ್ತು ಎಂಬುದು, ಅದು ತುಂಬಿದ್ದು ಶೇ 1ಕ್ಕಿಂತ ಕಡಿಮೆ ಎಂಬುದು ನೆನಪಿದ್ದರೆ ಸಾಕು. ಈ ಸಲ ವ್ಯತ್ಯಾಸವೂ ಇದೆ. ಇವರು ಇಪ್ಪತ್ತರ ಹರೆಯದ ಹುಡುಗರು, ಓಡಬಲ್ಲರು, ಪರೀಕ್ಷೆ ಬರೆಯಬಲ್ಲರು. ನಲವತ್ತರವನಿಗಿಂತ ಸುಲಭವಾಗಿ ಈ ಕೋಟಾ ತುಂಬಬಹುದು ಎಂದು ನನಗನಿಸುತ್ತದೆ. ಆದರೆ ಬಿಎಸ್‌ಎಫ್ ಆಗಲಿ, ಪೊಲೀಸ್ ಆಗಲಿ, ಇವೆಲ್ಲ ಮತ್ತೆ ಸಮವಸ್ತ್ರ, ಮತ್ತೆ ಬಂದೂಕು. ಸೇನೆಯಿಂದ ಬಂದವನಿಗೆ ನಾವು ತೋರಿಸುವ ಬಾಗಿಲಿನ ಪಕ್ಕ ಯಾವಾಗಲೂ ಒಂದು ಗೇಟು ಇದ್ದೇ ಇರುತ್ತದೆ.

ಉಳಿದವರು? 11.71 ಲಕ್ಷ ಸಣ್ಣ ದುಡ್ಡಲ್ಲ. ಹಾಗಂತ ದೊಡ್ಡದೂ ಅಲ್ಲ. ತಾಲೂಕು ಕೇಂದ್ರದ ಅಂಚಿನಲ್ಲಿ ಒಂದು ಸೈಟ್, ಇಲ್ಲವೇ ಸಾಲ ಸೇರಿಸಿ ಒಂದು ಲಾರಿ. ಇವನು ಸೆಕ್ಯುರಿಟಿ ಏಜೆನ್ಸಿಗೆ ಹೋದರೆ "ಹೆಂಗಿದ್ರೂ ಪೆನ್ಷನ್ ಬರುತ್ತಲ್ಲಾ" ಎನ್ನಲು ಆಗುವುದಿಲ್ಲ. ಆದರೆ ಸಂಬಳ? ಪೆನ್ಷನ್ ಇದ್ದವರನ್ನು ನೋಡಿಯೇ ಮಾರುಕಟ್ಟೆ ಆ ದರಕ್ಕೆ ಒಗ್ಗಿಕೊಂಡಿದೆ. ಅಣ್ಣನಂಥವರು 19 ಸಾವಿರಕ್ಕೆ ಒಪ್ಪಿರುವಾಗ ಈ ಹುಡುಗನಿಗೆ 30 ಸಾವಿರ ಯಾರು ಕೊಡುತ್ತಾರೆ? ಒಂದೇ ಗೇಟಿನಲ್ಲಿ ಇಬ್ಬರೂ ನಿಲ್ಲುತ್ತಾರೆ. ಒಬ್ಬನ ಮನೆ ನಡೆಯುತ್ತದೆ, ಇನ್ನೊಬ್ಬನದು ನಡೆಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅಗ್ನಿವೀರರಿಗೆ ಹಳಬರಿಗಿಂತ ಮೊದಲೇ ಯೋಚನೆ ಮಾಡಿದ್ದಾರೆ. ಹತ್ತನೇ ಕ್ಲಾಸಿನವನಿಗೆ ಹನ್ನೆರಡನೆಯದಕ್ಕೆ ಸಮನಾದ ಸರ್ಟಿಫಿಕೇಟಿಗೆ ದಾರಿಯಿದೆ. ದೂರಶಿಕ್ಷಣದ ವಿಶ್ವವಿದ್ಯಾಲಯವಾದ ಇಗ್ನೋದ ಪದವಿಯೊಂದಿದೆ, ಅದರಲ್ಲಿ ಅರ್ಧ ಅಂಕ ಸೇನೆಯಲ್ಲಿ ಕಲಿತ ಕೆಲಸಕ್ಕೇ ಸಿಗುತ್ತದೆ. ಇದು ಸರಿಯಾದ ದಿಕ್ಕು. ಅದು ಫಾರಂನ ಪಟ್ಟಿಯಲ್ಲಿ ಬರುವ ವಿಶ್ವವಿದ್ಯಾಲಯ, ಸೈಬರ್ ಹುಡುಗ ತಲೆ ಕೆರೆದುಕೊಳ್ಳಬೇಕಿಲ್ಲ. ಅಣ್ಣನಿಗೆ 24 ವರ್ಷದಲ್ಲಿ ಸಿಗದೇ ಹೋದದ್ದು ಅದೇ. ಅವನು ಮಾಡಿದ ಕೆಲಸಕ್ಕೆ ಊರಿನ ಭಾಷೆಯಲ್ಲಿ ಒಂದು ಹೆಸರು, ಅದನ್ನು ನಂಬುವಂಥ ಒಂದು ಕಾಗದ.

ಡ್ರೈವರ್‌ಗಳನ್ನು ನೋಡಿ ನನಗೆ ಇದು ಖಾತ್ರಿಯಾಯಿತು. ನಮ್ಮ ಕಡೆ ಸೇನೆಯಿಂದ ಬಂದವರಲ್ಲಿ ಬೇಗ ಕೆಲಸ ಹಿಡಿಯುವವರು ಅವರೇ. ಶಾಲಾ ಬಸ್ಸು, ಆಂಬುಲೆನ್ಸ್, ಟ್ಯಾಂಕರ್. ಅವರು ಅಣ್ಣನಿಗಿಂತ ಬುದ್ಧಿವಂತರು ಅಂತಲ್ಲ. ಹೆವಿ ಲೈಸೆನ್ಸ್ ಎಂಬ ಕಾರ್ಡು ಅವರ ಕೈಯಲ್ಲಿದೆ, ಅದನ್ನು ಟ್ರಾನ್ಸ್‌ಪೋರ್ಟ್ ಮಾಲೀಕ ಓದಬಲ್ಲ. ಸ್ಟೋರ್ ಕೀಪರ್‌ಗೆ ಅಂಥ ಕಾರ್ಡಿಲ್ಲ. ಎಕ್ಸೆಂಪ್ಲರಿ ಎಂಬ ಪದವನ್ನು ಕಂಪನಿಯ ಎಚ್‌ಆರ್ ಹುಡುಗಿ ಓದಿ, "ತುಂಬಾ ಒಳ್ಳೆಯ ನಡತೆ ಸರ್" ಎಂದು ಮೆಚ್ಚಿ, ಗೇಟಿನ ಕೆಲಸಕ್ಕೆ ಶಿಫಾರಸು ಮಾಡಿದಳು. ಅವಳ ತಪ್ಪೇನು? ಐದು ಸಾಲಿನಲ್ಲಿ ಅವಳಿಗೆ ಅರ್ಥವಾಗುವ ಸಾಲು ಅದೊಂದೇ ಇತ್ತು. ನಾನು ಮಾಡಿಕೊಟ್ಟ ಎರಡು ಪುಟದ ಬಯೋಡೇಟಾವನ್ನು ಅವನು ಅಲ್ಲಿ ಕೊಟ್ಟೇ ಇರಲಿಲ್ಲ. ಕೇಳಿದರೆ, "ಅದ್ರಲ್ಲಿ ನಂದೇ ಜಾಸ್ತಿ ಹೊಗಳಿಕೆ ಇತ್ತು ಕಣೋ, ಕೊಡೋಕೆ ಒಂಥರಾ ಆಯ್ತು" ಎಂದ. ಇದು ಕೂಡ ಸೇನೆ ಕಲಿಸಿದ್ದೇ. ಅಲ್ಲಿ ನಾನು ಮಾಡಿದೆ ಎನ್ನುವವನನ್ನು ನೋಡಿ ನಗುತ್ತಾರೆ. ಇಲ್ಲಿ ಹಾಗೆನ್ನದವನನ್ನು ಯಾರೂ ನೋಡುವುದೇ ಇಲ್ಲ.

ಗಣೇಶನ ಹಬ್ಬಕ್ಕೆ ಊರಿಗೆ ಹೋಗಿದ್ದೆವು. ನಮ್ಮ ಕೇರಿಯ ಹುಡುಗನೊಬ್ಬ ಅಗ್ನಿವೀರ, ರಜೆಗೆ ಬಂದಿದ್ದ. ಅಣ್ಣನನ್ನು ಕಂಡು ನೆಟ್ಟಗೆ ನಿಂತು, "ರಾಮ್ ರಾಮ್" ಎಂದ. ಟ್ರೇಡ್ ಏನು ಎಂದು ಅಣ್ಣ ಕೇಳಿದ. ಎಸ್‌ಕೆಟಿ ಎಂದ ಹುಡುಗ. ಅಣ್ಣ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಳಗೆ ಹೋಗಿ ಮಗಳ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ತಂದು ಅವನ ಕೈಗಿಟ್ಟ.

"ದಿನಾ ರಾತ್ರಿ ನಾಕು ಸಾಲು ಬರಿ. ಏನ್ ಕೆಲಸ ಮಾಡಿದೆ, ಏನ್ ತಪ್ಪು ಹಿಡಿದೆ, ಏನ್ ಉಳಿಸಿದೆ. ಯೂನಿಟ್ ಹೆಸರು, ಜಾಗ, ಜನ ಎಷ್ಟು, ಅದೆಲ್ಲ ಬರೀಬೇಡ. ಕೆಲಸ ಮಾತ್ರ ಬರಿ. ಕನ್ನಡದಲ್ಲೇ ಬರಿ, ಅಕ್ಷರ ಮರೆತು ಹೋಗುತ್ತೆ."

"ಅಷ್ಟೇನಾ ಮಾಮ?"

"ಕಂಪ್ಯೂಟರ್ ಮುಂದೆ ಕೂತ್ಕೋ. ಕೂರಿಸ್ದೇ ಇದ್ರೆ ಕೇಳಿ ಕೂತ್ಕೋ."

ಹುಡುಗ ನೋಟ್‌ಬುಕ್ ತಿರುಗಿಸಿ ನೋಡಿದ. ಮೊದಲ ಎರಡು ಹಾಳೆಯಲ್ಲಿ ಮಗಳು ಕಾಗುಣಿತ ತಿದ್ದಿದ್ದಳು. ಅಣ್ಣ ಅದನ್ನು ಹರಿದು ಜೇಬಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಶೂ ಪಾಲಿಶ್ ಡಬ್ಬಿ ಹುಡುಕಲು ಎದ್ದ. ಬೆಳಗ್ಗೆ ಆರಕ್ಕೆ ಅವನ ಪಾಳಿ.